ಹಬ್ಬವನ್ನು ಓದಿದವರು, ಹಬ್ಬಕ್ಕೆ ಸಿಕ್ಕಿಬಿದ್ದವರು

ಜೇಮ್ಸ್ ಫ್ರೇಜರ್ ಲೋಕದ ಹಬ್ಬಗಳ ಬಗ್ಗೆ ಸಾವಿರಾರು ಪುಟ ಬರೆದರು. ಹೆಚ್ಚುಕಡಿಮೆ ಎಲ್ಲವನ್ನೂ ಕೇಂಬ್ರಿಜ್‌ನಲ್ಲಿ ಪುಸ್ತಕಗಳ ನಡುವೆ ಕೂತೇ ಬರೆದರು. ದೂರದೇಶದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಪ್ರಶ್ನಾವಳಿ ಕಳುಹಿಸುವುದು, ಬಂದ ಉತ್ತರಗಳನ್ನು ಗ್ರೀಕ್, ರೋಮನ್ ಗ್ರಂಥಗಳ ಪಕ್ಕದಲ್ಲಿಟ್ಟು ನೋಡುವುದು ಅವರ ಕ್ರಮ. 1890ರಲ್ಲಿ ಎರಡು ಸಂಪುಟಗಳಲ್ಲಿ ಬಂದ ‘ದಿ ಗೋಲ್ಡನ್ ಬೌ’ 1915ರ ಹೊತ್ತಿಗೆ ಹನ್ನೆರಡು ಸಂಪುಟಗಳಾಗಿತ್ತು. ಯುರೋಪಿನ ನಡುಬೇಸಿಗೆಯ ಬೆಂಕಿಹಬ್ಬವಿರಲಿ, ಪಶ್ಚಿಮ ಏಷ್ಯಾದ ಅಡೋನಿಸ್ ಆಚರಣೆಯಿರಲಿ, ಅವರಿಗೆ ಎಲ್ಲೆಡೆ ಕಂಡದ್ದು ಒಂದೇ ಕತೆ: ದೇವರು ಸಾಯುತ್ತಾನೆ, ಪೈರಿನ ಜೊತೆ ಮತ್ತೆ ಹುಟ್ಟುತ್ತಾನೆ. ಓದಲು ಸೊಗಸು. ಆದರೆ ಆ ಹಬ್ಬ ಮಾಡುವ ಜನ ಮಾತ್ರ ಆ ಪುಟಗಳಲ್ಲಿ ಎಲ್ಲೂ ಉಸಿರಾಡುವುದಿಲ್ಲ.

ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ ಪ್ರಶ್ನೆಯನ್ನೇ ಬದಲಿಸಿದರು. ಹಬ್ಬ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಜನರಿಗೆ ಏನು ಮಾಡುತ್ತದೆ ಎಂಬುದು ಮುಖ್ಯ ಎಂದರು. ಚದುರಿ ಬದುಕುವ ಜನ ಒಂದೆಡೆ ಸೇರಿ ಕುಣಿದಾಗ ಹುಟ್ಟುವ ಆವೇಶದಲ್ಲಿ ಸಮಾಜ ತನ್ನನ್ನು ತಾನೇ ಕಾಣುತ್ತದೆ ಎಂಬುದು 1912ರ ಅವರ ಗ್ರಂಥದ ತಿರುಳು. ಆಧಾರ ಆಸ್ಟ್ರೇಲಿಯದ ಮೂಲನಿವಾಸಿಗಳ ಆಚರಣೆಗಳು. ಡರ್ಕ್‌ಹೈಮ್ ಆಸ್ಟ್ರೇಲಿಯಕ್ಕೆ ಹೋದವರಲ್ಲ.

ಈ ವಿಚಾರವನ್ನು ನೆಲಕ್ಕಿಳಿಸಿದವರಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸ್ ಒಬ್ಬರು. ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಅವರ ಪುಸ್ತಕ 1952ರಲ್ಲಿ ಬಂತು. ಹುತ್ತರಿಯ ಕದಿರು ತೆಗೆಯುವುದರಿಂದ ಹಿಡಿದು ಊರ ದೇವರ ಹಬ್ಬದವರೆಗೆ, ಒಕ್ಕ ಎಂಬ ಮನೆತನ ಹೇಗೆ ಒಗ್ಗೂಡುತ್ತದೆ, ಊರು ಹೇಗೆ, ನಾಡು ಹೇಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದರು. ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ನಾಡಿಗೆಲ್ಲ ಪರಿಚಯವಾದದ್ದೂ ಇದೇ ಪುಸ್ತಕದಿಂದ. ಅದರಲ್ಲಿ ಕೊರತೆಯೊಂದಿದೆ. ಎಲ್ಲ ಹಬ್ಬವೂ ಒಗ್ಗಟ್ಟಿಗೇ ಎಂಬಂತೆ ಓದಿಸಿಕೊಳ್ಳುತ್ತದೆ. ಜಾತ್ರೆಯಲ್ಲಿ ಮರ್ಯಾದೆ ಮೊದಲು ಯಾರಿಗೆ ಎಂದು ಕೋರ್ಟಿಗೆ ಹೋದ ಊರುಗಳನ್ನು ಬಲ್ಲ ನಮಗೆ ಇದು ಸಾಲದು.

ಜಗಳವನ್ನು ಲೆಕ್ಕಕ್ಕೆ ತೆಗೆದುಕೊಂಡವರು ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್. ಆಫ್ರಿಕಾದ ಸ್ವಾಜಿ ಜನರ ಇಂಕ್ವಾಲ ಹಬ್ಬದಲ್ಲಿ ರಾಜನನ್ನು ದ್ವೇಷಿಸುವ ಹಾಡುಗಳನ್ನು ಬಹಿರಂಗವಾಗಿಯೇ ಹಾಡುತ್ತಾರೆ. ಇದು ಬಂಡಾಯದ ನಟನೆ, ಹೀಗೆ ಒಮ್ಮೆ ಬೈದು ಮುಗಿಸಿದರೆ ಸಿಂಹಾಸನ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಐವತ್ತರ ದಶಕದಲ್ಲಿ ಅವರು ವಾದಿಸಿದರು. ರಷ್ಯದ ಮಿಖಾಯಿಲ್ ಬಖ್ತಿನ್ ನಂಬಿದ್ದು ಬೇರೆ. ಯುರೋಪಿನ ಕಾರ್ನಿವಲ್‌ನ ನಗೆ ಅಧಿಕಾರದ ಭಯವನ್ನೇ ಕಳೆಯುತ್ತದೆ ಎಂದರು. ಸ್ಟಾಲಿನ್ ಕಾಲದಲ್ಲಿ ಈ ಬಗ್ಗೆ ಬರೆದ ಪ್ರಬಂಧಕ್ಕೆ ಅವರು ಬಯಸಿದ ಡಾಕ್ಟರೇಟ್ ಸಿಗಲಿಲ್ಲ. ಪುಸ್ತಕವಾಗಿ ಬರಲು 1965ರವರೆಗೆ ಕಾಯಬೇಕಾಯಿತು.

ಹಬ್ಬಗಳ ಅಧ್ಯಯನದ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಬರಹ ಒಂದು ಸಣ್ಣ ಪ್ರಬಂಧ. ಅಮೆರಿಕದ ಮೆಕಿಮ್ ಮ್ಯಾರಿಯಟ್ ಐವತ್ತರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿದ್ದರು. ಊರಿನ ನಿಜ ಹೆಸರು ಮರೆಮಾಡಿ ‘ಕಿಶನ್ ಗಢಿ’ ಎಂದು ಕರೆದರು. ಅಲ್ಲಿನ ಹೋಳಿಯಲ್ಲಿ ಮುಸುಕು ಹಾಕಿದ ಹೆಂಗಸರು ಕೋಲು ಹಿಡಿದು ಗಂಡಸರ ಮೊಣಕಾಲಿನ ಕೆಳಗೆ ಬಾರಿಸುತ್ತಾರೆ. ಏಟು ತಿನ್ನುವವರು ಸಿರಿವಂತ ಬ್ರಾಹ್ಮಣ, ಜಾಟ್ ರೈತರು. ಎಲ್ಲರಿಗಿಂತ ಜೋರಾಗಿ ಹೊಡೆಯುವವಳು ಬಹಳ ಸಲ ಅವರದೇ ಹೊಲದ ಕೂಲಿಯಾಳಿನ ಹೆಂಡತಿ. ಜಮೀನ್ದಾರನ ತಲೆಗೆ ಬಣ್ಣದ ಜೊತೆ ಡೀಸೆಲ್ ಎಣ್ಣೆಯ ಅಭಿಷೇಕ. ಕತ್ತೆಯ ಮೇಲೆ ಹಿಂದುಮುಂದಾಗಿ ಕೂತ ಹೋಳಿ ರಾಜ ಮೇಲ್ಜಾತಿಯ ಪುಂಡ ಹುಡುಗ. ಕೂರಿಸಿದವರು ವರ್ಷವಿಡೀ ಅವನ ಕಾಟ ತಿಂದವರು. ಕೊನೆಗೆ ಹಳೆ ಚಪ್ಪಲಿಯ ಹಾರ ಹಾಕಿಸಿಕೊಂಡು, ಕೃಷ್ಣನಂತೆ ಕೊಳಲೂದುತ್ತ ಬೀದಿಯಲ್ಲಿ ಕುಣಿಯಬೇಕಾಗಿ ಬಂದದ್ದು ಸ್ವತಃ ಮ್ಯಾರಿಯಟ್ಟರಿಗೆ. ಪ್ರಶ್ನೆ ಕೇಳಿ ಕೇಳಿ ಊರಿನವರ ತಲೆ ತಿಂದದ್ದಕ್ಕೆ ಅದು ದಂಡ. ಪ್ರತಿಯೊಬ್ಬರಿಗೂ ಅವರವರ ಪಾತ್ರಕ್ಕೆ ಸರಿಯಾಗಿ ತಿರುಗಿಸಿ ಕೊಡಲಾಗಿದೆ ಎಂಬ ಲೆಕ್ಕ ಅವರಿಗೆ ಹೊಳೆದದ್ದು ಹೀಗೆ ಒಳಗೆ ಸಿಕ್ಕಿಬಿದ್ದದ್ದರಿಂದಲೇ. ಫ್ರೇಜರ್ ಕಳುಹಿಸಿದ್ದ ಯಾವ ಪ್ರಶ್ನಾವಳಿಗೂ ಈ ಉತ್ತರ ಬರುತ್ತಿರಲಿಲ್ಲ. 1966ರಲ್ಲಿ ಅಚ್ಚಾದ ಇದನ್ನು ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ 1969ರ ತಮ್ಮ ಪುಸ್ತಕದಲ್ಲಿ ಬಳಸಿಕೊಂಡು, ಮೇಲುಕೀಳು ಅಳಿದ ಆ ಹೊತ್ತಿನ ಬೆಸುಗೆಯ ಬಗ್ಗೆ ದೊಡ್ಡ ಸಿದ್ಧಾಂತ ಕಟ್ಟಿದರು. ಸಿದ್ಧಾಂತಕ್ಕಿಂತ ಮ್ಯಾರಿಯಟ್ಟರ ಚಪ್ಪಲಿ ಹಾರವೇ ಹೆಚ್ಚು ಹೇಳುತ್ತದೆ.

ತಲೆಕೆಳಗಾದದ್ದು ಯಾವಾಗಲೂ ಸುಸೂತ್ರವಾಗಿ ಮರಳಿ ನೆಟ್ಟಗಾಗುವುದಿಲ್ಲ ಎಂದು ಎಚ್ಚರಿಸಿದವರು ಇತಿಹಾಸಕಾರರು. ದಕ್ಷಿಣ ಫ್ರಾನ್ಸಿನ ರೊಮಾನ್ಸ್ ಎಂಬ ಪಟ್ಟಣದಲ್ಲಿ 1580ರ ಕಾರ್ನಿವಲ್ ಕೊಲೆಯಲ್ಲಿ ಮುಗಿಯಿತು. ತೆರಿಗೆಯ ಸಿಟ್ಟಿನಲ್ಲಿದ್ದ ಕುಶಲಕರ್ಮಿಗಳ ನಾಯಕನನ್ನು ಊರಿನ ಸ್ಥಿತಿವಂತರು ಹಬ್ಬದ ದಿನಗಳಲ್ಲೇ ಮುಗಿಸಿದ ಕತೆಯನ್ನು 1979ರಲ್ಲಿ ಲ ರುವಾ ಲಾದುರಿ ಬರೆದರು. 1983ರಲ್ಲಿ ಹಾಬ್ಸ್‌ಬಾಮ್ ಮತ್ತು ರೇಂಜರ್ ಸಂಪಾದಿಸಿದ ಸಂಕಲನ ಇನ್ನೊಂದು ಪೆಟ್ಟು ಕೊಟ್ಟಿತು: ಪುರಾತನ ಎನ್ನಿಸಿಕೊಂಡ ಎಷ್ಟೋ ಸಂಪ್ರದಾಯಗಳು ನಿನ್ನೆ ಮೊನ್ನೆಯವು. ತಿಲಕರು 1893ರಲ್ಲಿ ಬಲ ತುಂಬಿದ ಸಾರ್ವಜನಿಕ ಗಣೇಶೋತ್ಸವ ನೆನಪಿರುವವರಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ ಆ ಸಂಕಲನ ಓದಿದ ಮೇಲೆ ಕಂಡದ್ದೆಲ್ಲ ಕೃತಕ ಎನ್ನುವ ಚಾಳಿಯೂ ಶುರುವಾಯಿತು. ಅದಕ್ಕೆ ಒಳ್ಳೆಯ ಉತ್ತರ ಸ್ಮೃತಿ ಶ್ರೀನಿವಾಸ್ ಅವರ 2001ರ ಪುಸ್ತಕ. ಬೆಂಗಳೂರು ಕರಗದ ದಾರಿಯಲ್ಲಿ, ತಿಗಳ ಸಮುದಾಯದ ನೆನಪಿನಲ್ಲಿ, ಮುಚ್ಚಿಹೋದ ಕೆರೆ ತೋಟಗಳ ನಗರ ಇನ್ನೂ ಉಳಿದಿದೆ ಎಂದು ಅವರು ತೋರಿಸಿದರು. ಹಬ್ಬ ಹಳೆಯದೋ ಹೊಸದೋ ಎನ್ನುವುದಕ್ಕಿಂತ ಅದರಲ್ಲಿ ಏನು ಉಳಿದಿದೆ ಎಂಬುದು ಬೆಲೆಯುಳ್ಳ ಪ್ರಶ್ನೆ.

ಈಚೆಗೆ ಪ್ರಯೋಗಾಲಯದವರೂ ಬಂದಿದ್ದಾರೆ. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿ ಜೂನ್ 23ರ ರಾತ್ರಿ ಕೊಂಡ ಹಾಯುತ್ತಾರೆ. ಹಾಯುವವರ ಹೃದಯಬಡಿತಕ್ಕೂ ನೋಡುತ್ತ ನಿಂತ ನೆಂಟರಿಷ್ಟರ ಬಡಿತಕ್ಕೂ ಹೊಂದಿಕೆ ಕಂಡಿತು, ನೋಡಲು ಬಂದ ಅಪರಿಚಿತರಲ್ಲಿ ಕಾಣಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಮರುವರ್ಷ ಪ್ರಯಾಗದ ಮಾಘಮೇಳದ ಅಧ್ಯಯನ ಪ್ರಕಟವಾಯಿತು: ಕೊರೆಯುವ ಚಳಿ, ಗದ್ದಲ, ಕಿಕ್ಕಿರಿದ ಜನರ ನಡುವೆ ತಿಂಗಳು ಕಳೆದ ಕಲ್ಪವಾಸಿಗಳು, ಊರಲ್ಲೇ ಉಳಿದವರಿಗಿಂತ ತಮ್ಮ ಆರೋಗ್ಯ ಸುಧಾರಿಸಿದೆ ಎಂದರು. ಡರ್ಕ್‌ಹೈಮ್ ಊಹಿಸಿದ್ದಕ್ಕೆ ಸುಮಾರು ನೂರು ವರ್ಷದ ನಂತರ ಅಳತೆ ಸಿಕ್ಕಿತು.

2003ರ ಯುನೆಸ್ಕೊ ಒಡಂಬಡಿಕೆಯಿಂದ ಹಬ್ಬಗಳಿಗೆ ಜಾಗತಿಕ ಪಟ್ಟಿಯೂ ಬಂತು. ನವರೋಜ್ 2009ರಲ್ಲಿ, ಕುಂಭಮೇಳ 2017ರಲ್ಲಿ, ಕೋಲ್ಕತ್ತದ ದುರ್ಗಾಪೂಜೆ 2021ರಲ್ಲಿ ಅದರೊಳಗೆ ಸೇರಿದವು. ಬೆಲ್ಜಿಯಮ್ಮಿನ ಆಲ್ಸ್ಟ್ ಕಾರ್ನಿವಲ್ ಅನ್ನು ಯಹೂದಿಗಳನ್ನು ಹೀಯಾಳಿಸಿದ್ದಕ್ಕಾಗಿ 2019ರಲ್ಲಿ ಪಟ್ಟಿಯಿಂದ ತೆಗೆದರು. ಹೀಗೆ ಹೊರಬಿದ್ದದ್ದರಲ್ಲಿ ಅದೇ ಮೊದಲು. ಪಟ್ಟಿಯ ಭಾಷೆಯಲ್ಲಿ ಎಲ್ಲ ಹಬ್ಬವೂ ಸೌಹಾರ್ದದ ಸಂಕೇತ. ಜಾತಿ, ದುಡ್ಡು, ಮೇಲಾಟ ಅಲ್ಲಿ ಕಾಣಿಸುವುದು ಅಪರೂಪ.

ತಮ್ಮೂರ ಜಾತ್ರೆಯ ಮೇಲೆ ಪ್ರಬಂಧ ಬರೆಯಹೊರಟ ವಿದ್ಯಾರ್ಥಿಗಳು ದಯವಿಟ್ಟು ಆ ಭಾಷೆಯನ್ನು ಎರವಲು ತರಬಾರದು. ದೀಪಕ್ಕೆ ಎಣ್ಣೆ ಯಾರ ಮನೆಯದು, ಮೊದಲ ವೀಳ್ಯ ಯಾರಿಗೆ, ತೇರಿನ ಹಗ್ಗ ಮುಟ್ಟುವವರು ಯಾರು, ಮುಟ್ಟದವರು ಯಾರು, ಹೋದ ವರ್ಷ ಜಗಳವಾದದ್ದು ಯಾಕೆ ಎಂಬುದನ್ನು ಮೊದಲು ಬರೆದುಕೊಳ್ಳಲಿ. ಸ್ಥಳಪುರಾಣವನ್ನು ಆಮೇಲೆ ಸೇರಿಸಿದರಾಯಿತು.