ಗೆದ್ದವರ ಕೈಗೊಂದು ಪುಸ್ತಕ: ‘ಥಟ್ ಅಂತ ಹೇಳಿ’ ನಡೆದು ಬಂದ ದಾರಿ



ರಸಪ್ರಶ್ನೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋಟಿ ರೂಪಾಯಿಯ ಚೆಕ್ಕು, ಮಿನುಗುವ ದೀಪಗಳು, ಚಪ್ಪಾಳೆಯ ಸದ್ದು. ಆದರೆ ಕನ್ನಡದಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆಯಿರುವ ಒಂದು ರಸಪ್ರಶ್ನೆ ಕಾರ್ಯಕ್ರಮವು ಸರಿ ಉತ್ತರ ಹೇಳಿದವರಿಗೆ ಕೊಡುತ್ತ ಬಂದ ಬಹುಮಾನ ಪುಸ್ತಕ. ಅದೇ ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’. ಈ ಕಾರ್ಯಕ್ರಮದ ಹಿನ್ನೆಲೆಯನ್ನು ಅರಿತುಕೊಳ್ಳುವುದು ಹಿರೇಬೆಂಡಿಗೇರಿಯಂಥ ಊರುಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಬಹಳ ಅವಶ್ಯ ಎಂದು ನನ್ನ ಭಾವನೆ.

ಸವಾಲು ಹಾಕಿ ಜವಾಬು ಕೇಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹಿರಿಯರು ಒಗಟು ಹೇಳಿ ಮಕ್ಕಳ ಜಾಣತನ ಪರೀಕ್ಷಿಸುತ್ತಿದ್ದರು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳಲ್ಲಿ ಒಂದು ಪಕ್ಷದವರು ಗಂಡು ಹೆಚ್ಚೆಂದು ಹಾಡಿದರೆ, ಇನ್ನೊಂದು ಪಕ್ಷದವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಎದುರಿನವರು ಹಾಕಿದ ಸವಾಲಿಗೆ ಹಾಡಿನಲ್ಲಿಯೇ ಜವಾಬು ಕೊಡಬೇಕು. ಉತ್ತರ ಬಾರದವರು ಸೋತಂತೆ. ಪುರಾಣ, ಲೋಕಜ್ಞಾನ, ನೆನಪು ಈ ಮೂರೂ ಇದ್ದವರಷ್ಟೇ ಅಲ್ಲಿ ನಿಲ್ಲಬಲ್ಲರು. ಶಾಲೆಯ ಮೆಟ್ಟಿಲು ಹತ್ತದವರೂ ಈ ಹಾಡುಗಾರರಲ್ಲಿ ಇದ್ದರೆಂಬುದು ಗಮನಾರ್ಹ.

ಆಧುನಿಕ ರಸಪ್ರಶ್ನೆ ನಮ್ಮ ದೇಶಕ್ಕೆ ಬಂದದ್ದು ಮಾತ್ರ ಬೇರೆ ದಾರಿಯಿಂದ. 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಅವರು ಸಾರ್ವಜನಿಕ ಕ್ವಿಜ್ ನಡೆಸಿದರು. 1972ರಲ್ಲಿ ಹಮೀದ್ ಸಯಾನಿಯವರ ದನಿಯಲ್ಲಿ ಬೋರ್ನ್‌ವಿಟಾ ಕ್ವಿಜ್ ಸ್ಪರ್ಧೆ ರೇಡಿಯೋದಲ್ಲಿ ಕೇಳಿಬಂತು. 1983ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಆರಂಭವಾಯಿತು. 1985ರಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ದೂರದರ್ಶನದಲ್ಲಿ ಬಂದಾಗ ದೇಶದ ಕಾಲೇಜು ವಿದ್ಯಾರ್ಥಿಗಳೆಲ್ಲ ಅದಕ್ಕೆ ಮನಸೋತರು. ಆದರೆ ಆ ಕಾಲದ ಕ್ವಿಜ್ ಬಹುಮಟ್ಟಿಗೆ ಇಂಗ್ಲಿಷಿನ ಆಟವಾಗಿತ್ತು, ನಗರದ ಆಟವಾಗಿತ್ತು. ಹಳ್ಳಿಯ ಹುಡುಗನಿಗೆ ಉತ್ತರ ತಿಳಿದಿದ್ದರೂ ಪ್ರಶ್ನೆಯೇ ಅರ್ಥವಾಗದೆ ಸುಮ್ಮನೆ ಕೂರಬೇಕಾಗುತ್ತಿತ್ತು.

ಇದೇ ಅವಧಿಯಲ್ಲಿ ಫ್ರಾನ್ಸ್ ದೇಶದಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನೋಡೋಣ. ಅಲ್ಲಿ 1972ರಿಂದ ‘ಅಂಕಿಗಳು ಮತ್ತು ಅಕ್ಷರಗಳು’ ಎಂಬ ಅರ್ಥದ ಹೆಸರಿನ ಕಾರ್ಯಕ್ರಮವೊಂದು ನಡೆಯಿತು. ಕೊಟ್ಟ ಅಕ್ಷರಗಳಿಂದ ಅತಿ ಉದ್ದದ ಶಬ್ದ ಕಟ್ಟುವುದು, ಕೊಟ್ಟ ಅಂಕಿಗಳಿಂದ ಹೇಳಿದ ಮೊತ್ತಕ್ಕೆ ಬರುವುದು ಅದರ ಆಟ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು 2024ರಲ್ಲಿ ಅದು ಮುಗಿಯಿತು. ಇನ್ನೊಂದು ಕಾರ್ಯಕ್ರಮ 1988ರ ನವೆಂಬರಿನಲ್ಲಿ ಶುರುವಾದದ್ದು. ‘ಚಾಂಪಿಯನ್ನನಿಗಾಗಿ ಪ್ರಶ್ನೆಗಳು’ ಎಂದು ಅದರ ಹೆಸರಿನ ಅರ್ಥ. ಬ್ರಿಟನ್ನಿನ ಒಂದು ಕಾರ್ಯಕ್ರಮದ ಮಾದರಿಯನ್ನು ತಂದು ಫ್ರೆಂಚರು ತಮ್ಮದನ್ನಾಗಿ ಮಾಡಿಕೊಂಡರು. ನಾಲ್ಕು ಜನ ಸ್ಪರ್ಧಿಗಳು ಕೂರುತ್ತಾರೆ, ಸುತ್ತು ಸುತ್ತಿಗೆ ಒಬ್ಬೊಬ್ಬರು ಹೊರಬೀಳುತ್ತಾರೆ, ಕೊನೆಗೆ ಇಬ್ಬರ ಮುಖಾಮುಖಿ. ಗೆದ್ದವರು ಮರುದಿನ ಮತ್ತೆ ಬಂದು ಹೊಸಬರನ್ನು ಎದುರಿಸಬೇಕು. ಜೂಲಿಯನ್ ಲೆಪೆರ್ಸ್ ಎಂಬವರು 2016ರವರೆಗೆ ಅದನ್ನು ನಡೆಸಿದರು, ನಂತರ ಸ್ಯಾಮ್ಯುಯೆಲ್ ಎಟಿಯೆನ್ ಬಂದರು. ಇದನ್ನು ನೋಡಿ ಊರೂರುಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. ನಿವೃತ್ತರು, ಶಿಕ್ಷಕರು, ವಿದ್ಯಾರ್ಥಿಗಳು ಒಟ್ಟಿಗೆ ಕೂತು ಬಜರ್ ಒತ್ತಿ ಅಭ್ಯಾಸ ಮಾಡತೊಡಗಿದರು. ತಮ್ಮ ಭಾಷೆಯಲ್ಲಿ ನಿತ್ಯ ನಡೆಯುವ ರಸಪ್ರಶ್ನೆ ಸಾಮಾನ್ಯ ಜನರನ್ನು ಹೇಗೆ ಓದಿನ ಕಡೆ ಎಳೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕನ್ನಡದಲ್ಲಿ ಆ ಕೆಲಸವನ್ನು ಮಾಡಿದ್ದು ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಇದು ಪ್ರಾರಂಭವಾಯಿತು. ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ ಅವರು. ವೃತ್ತಿಯಿಂದ ವೈದ್ಯರು, ಆರೋಗ್ಯದ ವಿಷಯವಾಗಿ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದವರು. ಮೂವರು ಸ್ಪರ್ಧಿಗಳು, ಅಬ್ಬರವಿಲ್ಲದ ವೇದಿಕೆ, ಶುದ್ಧ ಕನ್ನಡದ ಪ್ರಶ್ನೆಗಳು. ಸಾಹಿತ್ಯ, ವಿಜ್ಞಾನ, ಇತಿಹಾಸ, ಕ್ರೀಡೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಉತ್ತರ ಸರಿಯಾದರೆ ಒಂದು ಪುಸ್ತಕ. ಉತ್ತರ ಹೇಳಿದ ಮೇಲೆ ಅದರ ಹಿನ್ನೆಲೆಯನ್ನು ಅವರು ವಿವರಿಸುತ್ತಿದ್ದುದರಿಂದ ಮನೆಯಲ್ಲಿ ಕೂತು ನೋಡುವವರಿಗೂ ಅದೊಂದು ಪಾಠವಾಗುತ್ತಿತ್ತು. ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ಕಂಡ ಈ ಕಾರ್ಯಕ್ರಮ ಲಿಮ್ಕಾ ದಾಖಲೆಗಳ ಪುಸ್ತಕದಲ್ಲೂ ಸೇರಿತು.

ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಶ್ 2004ರ ಡಿಸೆಂಬರಿನಲ್ಲಿ ಬಂದ ಮೇಲೆ, ಕೇಬಲ್ ಎಳೆಯದ ಊರುಗಳ ಮನೆಗಳಲ್ಲೂ ಚಂದನ ಕಾಣುವಂತಾಯಿತು. ಊಟ ಮಾಡುತ್ತ ತಂದೆ ಉತ್ತರ ಹೇಳುವುದು, ಮಗಳು ಅದನ್ನು ತಿದ್ದುವುದು, ಅಜ್ಜಿ ನಗುವುದು, ಇಂಥ ರಾತ್ರಿಗಳನ್ನು ನಮ್ಮಲ್ಲಿ ಅನೇಕರು ನೆನಪಿಸಿಕೊಳ್ಳಬಹುದು.

ಇನ್ನು ಹಣದ ರಸಪ್ರಶ್ನೆಯ ವಿಚಾರ. 2000ದ ಜುಲೈನಲ್ಲಿ ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾಗಿ, ಅದೇ ವರ್ಷ ಹರ್ಷವರ್ಧನ ನವಾಥೆ ಕೋಟಿ ಗೆದ್ದರು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಐದು ಕೋಟಿ ಗೆದ್ದರು. ಗೆದ್ದ ಮೇಲಿನ ದಿನಗಳು ತಮಗೆ ಎಷ್ಟು ಕಷ್ಟದವಾದವು ಎಂಬುದನ್ನು ಅವರೇ 2020ರಲ್ಲಿ ಬಹಿರಂಗವಾಗಿ ಬರೆದುಕೊಂಡರು. ಕನ್ನಡದಲ್ಲಿ 2012ರಲ್ಲಿ ಪುನೀತ್ ರಾಜಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ ಬಂತು. ಅದರಲ್ಲಿ ಬಳ್ಳಾರಿ ಜಿಲ್ಲೆಯ ಯುವಕ ಹುಸೇನ್ ಬಾಷಾ ಒಂದು ಕೋಟಿ ಗೆದ್ದಾಗ ನಾಡೆಲ್ಲ ಅಚ್ಚರಿಪಟ್ಟಿತು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಆ ಗೆಲುವು ವಿಶೇಷವಾದ ಧೈರ್ಯ ಕೊಡಬೇಕು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹೇಳಿಯೇ ಅವರು ಅಲ್ಲಿಗೆ ಮುಟ್ಟಿದರು.

ಆದರೂ ಕೋಟಿ ಬರುವುದು ಲಕ್ಷದಲ್ಲಿ ಒಬ್ಬರಿಗೆ. ಪುಸ್ತಕ ಗೆದ್ದವರು ಮಾತ್ರ ಈ ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಜನ. ಹಣ ಖರ್ಚಾಗುತ್ತದೆ, ಒಂದು ಮನೆಗೆ ಬಂದ ಪುಸ್ತಕವನ್ನು ತಮ್ಮ ಓದುತ್ತಾನೆ, ತಂಗಿ ಓದುತ್ತಾಳೆ, ಪಕ್ಕದ ಮನೆಯವರು ಎರವಲು ಒಯ್ಯುತ್ತಾರೆ. ಕಾರ್ಯಕ್ರಮವೊಂದು ತನ್ನ ಚಾಂಪಿಯನ್ನರನ್ನು ಮತ್ತೆ ಓದಿಗೇ ಕಳಿಸುವ ಈ ಪದ್ಧತಿಯೇ ಅದರ ದೊಡ್ಡ ಸಾಧನೆ ಎನ್ನಬಹುದು.

ನಮ್ಮ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ಭಾಗದ ಎಷ್ಟೋ ವಿದ್ಯಾರ್ಥಿಗಳು ಪಿಡಿಒ, ಎಫ್‌ಡಿಎ, ಪೊಲೀಸ್ ನೇಮಕಾತಿಯಂಥ ಪರೀಕ್ಷೆಗಳಿಗೆ ಕೂರುತ್ತಾರೆ. ಸಾಮಾನ್ಯ ಜ್ಞಾನದ ಪತ್ರಿಕೆ ಎಂದರೆ ಹೆದರುತ್ತಾರೆ. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಗೈಡು ಹಿಡಿದು ಬಾಯಿಪಾಠ ಮಾಡಿದರೆ ಅದು ಬರುವುದಿಲ್ಲ. ದಿನಕ್ಕೊಂದು ಪತ್ರಿಕೆ, ವಾರಕ್ಕೊಂದು ಪುಸ್ತಕ, ಗೆಳೆಯರ ನಡುವೆ ಹತ್ತು ಪ್ರಶ್ನೆ ಎಂಬ ರೂಢಿ ಎಂಟನೆಯ ತರಗತಿಯಿಂದಲೇ ಇದ್ದರೆ ಹೆದರಿಕೆ ತಾನಾಗಿ ಹೋಗುತ್ತದೆ. ಗ್ರಾಮೀಣ ಮಕ್ಕಳಿಗೆಂದೇ 2000ದಲ್ಲಿ ಆರಂಭವಾದ ಗ್ರಾಮೀಣ ಐಟಿ ಕ್ವಿಜ್‌ನಂಥ ಸ್ಪರ್ಧೆಗಳೂ ಇವೆ. ಅವುಗಳಿಗೆ ಹೆಸರು ಕೊಡಲು ಹಿಂಜರಿಯಬಾರದು.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆಯಾದರೂ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ರಸಪ್ರಶ್ನೆ ನಡೆಸೋಣ. ಗೆದ್ದವರಿಗೆ ಸ್ಟೀಲಿನ ಡಬ್ಬಿಯ ಬದಲು ಪುಸ್ತಕ ಕೊಡೋಣ, ಸೋತವರಿಗೂ ಒಂದು ಕೊಡೋಣ. ಉತ್ತರವನ್ನು ಥಟ್ಟನೆ ಹೇಳಬಹುದು. ಆದರೆ ಅದರ ಹಿಂದಿನ ಓದು ನಿಧಾನವಾಗಿ, ವರ್ಷಗಟ್ಟಲೆ ಆಗಬೇಕಾದ ಕೆಲಸ.