ಅಂಗಳದ ಲಿಲ್ಲಿ, ಬೇಲಿಯ ಲಿಲ್ಲಿ

ಪುತ್ತೂರು, ಸುಳ್ಯ, ಕಡಬದ ಕಡೆ ಅಂಗಳದ ಅಂಚಿನಲ್ಲಿ ನಾಲ್ಕು ಲಿಲ್ಲಿ ಗೆಡ್ಡೆಗಳಿಲ್ಲದ ಮನೆ ಅಪರೂಪ. ನೆಂಟರ ಮನೆಯಿಂದ ಹೊರಡುವಾಗ ಒಂದು ಗೆಡ್ಡೆಯನ್ನು ಕೇಳಿ ತರುವುದು ನಮ್ಮ ಹೆಂಗಸರ ಹಳೆಯ ರೂಢಿ. ಹಾಗೆ ಬಂದದ್ದನ್ನು ನಾವು 'ಅಜ್ಜಿಯ ಕಾಲದ ಹೂ' ಎನ್ನುತ್ತೇವೆ. ಅಜ್ಜಿಗೆ ಅದು ಎಲ್ಲಿಂದ ಬಂತೆಂದು ನಾನೂ ಬಹುಕಾಲ ಕೇಳಿರಲಿಲ್ಲ.

ಕೆಂಪು ಕಹಳೆಯಂತಹ ದೊಡ್ಡ ಲಿಲ್ಲಿಯ ತವರು ದಕ್ಷಿಣ ಅಮೆರಿಕ. 1799ರಲ್ಲಿ ಆರ್ಥರ್ ಜಾನ್ಸನ್ ಎಂಬ ಇಂಗ್ಲೆಂಡಿನ ಗಡಿಯಾರ ಕೆಲಸದವನು ಎರಡು ಜಾತಿಗಳನ್ನು ಕೂಡಿಸಿ ಅದರ ಮೊದಲ ಮಿಶ್ರತಳಿಯನ್ನು ಪಡೆದನಂತೆ. ಮೇ ತಿಂಗಳಲ್ಲಿ ಚೆಂಡಿನಂತೆ ಅರಳುವುದು ಆಫ್ರಿಕದ್ದು. ಮಳೆ ಬಿದ್ದೊಡನೆ ಏಳುವ ಪುಟ್ಟ ಗುಲಾಬಿ ಬಣ್ಣದ್ದೂ ಅಮೆರಿಕದ್ದೇ. ಅದಕ್ಕೆ 1821ರಲ್ಲಿ ವಿಲಿಯಂ ಹರ್ಬರ್ಟ್ ಎಂಬ ಪಾದ್ರಿ ಜೆಫಿರಾಂಥಸ್, ಅಂದರೆ 'ಪಡುಗಾಳಿಯ ಹೂ' ಎಂದು ಹೆಸರಿಟ್ಟ. ನಮಗೆ ಮಳೆ ತರುವುದೂ ಪಡುಗಾಳಿಯೇ ಅಲ್ಲವೆ? ಹೆಸರು ನಮ್ಮೂರಿಗೇ ಇಟ್ಟಂತಿದೆ.

ಈ ಅತಿಥಿಗಳ ಉಪಚಾರ ಕಷ್ಟವಲ್ಲ. ನಮ್ಮ ಆಟಿಯ ಮಳೆಗೆ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆದ್ದರಿಂದ ಏರು ಮಾಡಿ, ಮುರಮಣ್ಣಿಗೆ ಮರಳು, ಹಟ್ಟಿಗೊಬ್ಬರ ಬೆರೆಸಬೇಕು. ದೊಡ್ಡ ಲಿಲ್ಲಿಯ ಗೆಡ್ಡೆಯ ಕೊರಳು ಮಣ್ಣಿನ ಮೇಲಿರಲಿ. ಹೂ ಬಾಡಿತೆಂದು ಹಸಿರೆಲೆಯನ್ನು ಕೊಯ್ಯಬಾರದು. ಬರುವ ವರ್ಷದ ಹೂವಿಗೆ ಬುತ್ತಿ ಕಟ್ಟುವುದು ಆ ಎಲೆಯೇ.

ಸಸ್ಯಶಾಸ್ತ್ರದವರನ್ನು ಕೇಳಿದರೆ, ಇವು ಅಮರಿಲ್ಲಿಸ್ ಕುಟುಂಬದವು. ಲಿಲ್ಲಿಗಳ ಗಣಕ್ಕೆ ಸೇರಿದ್ದು ನಾವು ಕತ್ತಿಯಿಂದ ಸವರಿ ಎಸೆಯುವ ಬೇಲಿಯ ಅಗ್ನಿಶಿಖೆ! ಎಲೆಯ ತುದಿಯನ್ನೇ ಕೈ ಮಾಡಿಕೊಂಡು ಹಬ್ಬುವ ಬಳ್ಳಿ. ಹಳದಿಯಾಗಿ ಅರಳಿ ಬೆಂಕಿಯಂತೆ ಕೆಂಪಾಗುವ ಹೂ. ಗೆಡ್ಡೆ ನೇಗಿಲಿನಂತಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್, ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಮೂವರು ಕೊಂಕಣಿ ಪಂಡಿತರ ನೆರವಿನಿಂದ ಸಿದ್ಧಪಡಿಸಿದ 'ಹೋರ್ತುಸ್ ಮಲಬಾರಿಕುಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಈ ಬಳ್ಳಿಯ ಚಿತ್ರವಿದೆ. 1753ರಲ್ಲಿ ಲಿನೇಯಸ್ ಇದನ್ನು ಗ್ಲೋರಿಯೋಸ ಸುಪರ್ಬ ಎಂದು ಕರೆದ. ತಮಿಳುನಾಡು ಇದನ್ನು ರಾಜ್ಯಪುಷ್ಪ ಮಾಡಿಕೊಂಡಿದೆ. ಅಲ್ಲಿನ ರೈತರು ಬೀಜಕ್ಕಾಗಿ ಬೆಳೆಯುತ್ತಾರೆ. ಬೀಜದ ಕಾಲ್ಚಿಸಿನ್ ಕೀಲುನೋವಿನ ಒಂದು ಬಗೆಗೆ ಔಷಧ, ಅಳತೆ ತಪ್ಪಿದರೆ ಪ್ರಾಣಾಂತಿಕ.

ಪಾಗಾರ ಕಟ್ಟಿಸುವ ಉಮೇದಿನಲ್ಲಿ ನಾನೂ ನಮ್ಮ ಹಳೆಯ ಬೇಲಿಯನ್ನು ಕಿತ್ತೆಸೆದವನೇ. ಮರುವರ್ಷದ ಮಳೆಗಾಲದಲ್ಲಿ ಅಲ್ಲಿ ಗೋಡೆಯ ಪಾಚಿಯ ಹೊರತು ಬೇರೆ ಬಣ್ಣವಿರಲಿಲ್ಲ. ಆಮೇಲೆ ತೋಟದ ದರೆಯಲ್ಲಿ ಉಳಿದಿದ್ದ ಒಂದು ಗೆಡ್ಡೆಯನ್ನು ಅಗೆದು ತಂದೆ. ಅದರ ಮೊಳಕೆ ಇರುವುದು ತುದಿಯಲ್ಲಿ. ತುದಿ ಮುರಿದರೆ ಏಳದು. ಅಡ್ಡಲಾಗಿ ಮಲಗಿಸಿ ಮೂರು ಇಂಚು ಮಣ್ಣು ಮುಚ್ಚಿ, ಹಬ್ಬಲು ಒಂದು ಅಡರು ನೆಟ್ಟೆ. ಗಿಡವೆಲ್ಲ ವಿಷ, ಆದ್ದರಿಂದ ಮಕ್ಕಳ ಕೈಗೂ ದನದ ಬಾಯಿಗೂ ದೂರ.

ಕಳೆದ ಸೋಣದಲ್ಲಿ ಅದು ಹೂ ಬಿಟ್ಟಿತು. ಬಂದ ನೆಂಟರೊಬ್ಬರು, "ಇದು ಯಾವ ದೇಶದ ಹೂ?" ಎಂದು ಕೇಳಿದರು.