ಕೊಳದಿಂದ ಕೈಪಿಡಿಗೆ: ‘ಆತ್ಮರತಿ’ಯ ಹಾದಿ

ತನ್ನನ್ನು ತಾನೇ ಮೆಚ್ಚಿಕೊಂಡು ಮೆರೆಯುವವರನ್ನು ಕರೆಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಜಂಬಗಾರ, ಬಡಾಯಿಕೋರ, ಅಹಂಕಾರಿ, ಸೊಕ್ಕಿನವ. ಬಡಾಯಿ ಮಾತಿನಲ್ಲಿದ್ದರೆ ಸೊಕ್ಕು ನಡೆಯಲ್ಲಿ. ಇಷ್ಟಿದ್ದೂ ಈಚೆಗೆ ಗಂಡ, ಅತ್ತೆ, ಮೇಲಧಿಕಾರಿ, ರಾಜಕಾರಣಿ ಎನ್ನದೆ ಎಲ್ಲರಿಗೂ ಅಂಟಿಸಲಾಗುತ್ತಿರುವ ಪದ ‘ನಾರ್ಸಿಸಿಸ್ಟ್’. ಬೈಗುಳಕ್ಕೆ ವೈದ್ಯಶಾಸ್ತ್ರದ ಮೊಹರು ಬಿದ್ದಂತೆ!

ಪದದ ಬೇರು ಗ್ರೀಕ್ ಪುರಾಣದಲ್ಲಿದೆ. ಕಥೆಯ ಹೆಸರಾಂತ ರೂಪ ಸಿಗುವುದು ರೋಮನ್ ಕವಿ ಓವಿಡ್ ಕ್ರಿ.ಶ. 8ರ ಸುಮಾರಿಗೆ ಮುಗಿಸಿದ ‘ಮೆಟಮಾರ್ಫೊಸಿಸ್’ ಕಾವ್ಯದಲ್ಲಿ. ಮಗು ನಾರ್ಸಿಸಸ್ ದೀರ್ಘಕಾಲ ಬಾಳಿಯಾನೇ ಎಂದು ತಾಯಿ ಕಣಿ ಕೇಳುತ್ತಾಳೆ. ತನ್ನನ್ನು ತಾನು ಅರಿಯದಿದ್ದರೆ ಬಾಳಿಯಾನು ಎನ್ನುತ್ತಾನೆ ಕುರುಡ ಟೈರೀಸಿಯಸ್. ಬೆಳೆದ ಚೆಲುವ ಒಲಿದು ಬಂದವರನ್ನೆಲ್ಲ ತಿರಸ್ಕರಿಸುತ್ತಾನೆ. ಅನ್ಯರ ಕೊನೆಯ ಮಾತನ್ನಷ್ಟೇ ಮರುನುಡಿಯಬಲ್ಲ ವನದೇವತೆ ಎಕೋ ಅವನಿಗಾಗಿ ಕೊರಗಿ ಬರೀ ದನಿಯಾಗಿ ಉಳಿಯುತ್ತಾಳೆ. ಒಂದು ದಿನ ನೀರು ಕುಡಿಯಲು ಬಗ್ಗಿದ ನಾರ್ಸಿಸಸ್ ಕೊಳದಲ್ಲಿ ಕಂಡ ಮುಖಕ್ಕೆ ಮರುಳಾಗುತ್ತಾನೆ. ಅದು ತನ್ನದೇ ಬಿಂಬವೆಂದು ಅವನಿಗೆ ಮೊದಲು ತಿಳಿಯುವುದೇ ಇಲ್ಲ. ಇಂದು ಈ ಪದ ಬಳಸುವವರು ಮರೆಯುವುದು ಇದನ್ನೇ. ತಿಳಿದ ಮೇಲೆ ಅವನು ಬದುಕುವುದಿಲ್ಲ.

ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸಾನಿಯಸ್‌ಗೆ ಇದು ಶುದ್ಧ ಪೆದ್ದುತನವೆನಿಸಿತು. ಪ್ರಾಯಕ್ಕೆ ಬಂದವನಿಗೆ ಮನುಷ್ಯ ಯಾವುದು, ನೆರಳು ಯಾವುದು ತಿಳಿಯದೇ ಎಂಬುದು ಅವನ ತಕರಾರು. ಸತ್ತ ಅವಳಿ ಸೋದರಿಯ ನೆನಪಿಗಾಗಿ ಆತ ನೀರು ನೋಡುತ್ತಿದ್ದನೆಂಬ ಇನ್ನೊಂದು ಕಥೆಯನ್ನೂ ಅವನು ಬರೆದಿಟ್ಟ. ಲೋಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪುರಾಣದ ಹುಡುಗ ವೈದ್ಯರ ಕೈಗೆ ಸಿಕ್ಕಿದ್ದು 1898ರಲ್ಲಿ. ಇಂಗ್ಲೆಂಡಿನ ಹ್ಯಾವ್‌ಲಾಕ್ ಎಲ್ಲಿಸ್ ಒಂದು ಮನಃಸ್ಥಿತಿಯನ್ನು ನಾರ್ಸಿಸಸ್‌ಗೆ ಹೋಲಿಸಿದ. ಮರುವರ್ಷ ಜರ್ಮನಿಯ ಮನೋವೈದ್ಯ ಪೌಲ್ ನೇಕೆ ಅದಕ್ಕೆ ‘ಇಸಂ’ ಸೇರಿಸಿ ಲೈಂಗಿಕ ವಿಕೃತಿಯೊಂದರ ಹೆಸರಾಗಿಸಿದ. 1914ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಪದದ ಅರ್ಥವನ್ನೇ ಹಿಗ್ಗಿಸಿ, ಇದು ಕೆಲವರ ವಿಕೃತಿಯಲ್ಲ, ಎಳೆಯ ಮಗುವಿನಿಂದ ಹಿಡಿದು ಎಲ್ಲರಲ್ಲೂ ಒಂದಷ್ಟು ಇರುವಂಥದು ಎಂದ. ಪದ ಹುಟ್ಟಿಸಿದ ಕೀರ್ತಿಯನ್ನು ಆತ ಮೊದಲು ನೇಕೆಗೂ 1920ರಲ್ಲಿ ತಿದ್ದಿಕೊಂಡು ಎಲ್ಲಿಸ್‌ಗೂ ಕೊಟ್ಟ. ಎಲ್ಲಿಸ್ 1927ರಲ್ಲಿ, ಇಲ್ಲ, ಅದನ್ನು ಇಬ್ಬರಿಗೂ ಹಂಚಬೇಕು ಎಂದ. ಸ್ವಪ್ರೇಮದ ಪದಕ್ಕೆ ಇಂಥ ಜನ್ಮಕಥೆ!

ಅದನ್ನು ಮತ್ತೆ ಕಾಯಿಲೆಯ ಕಡೆಗೆ ಒಯ್ದವರಲ್ಲಿ ಮುಖ್ಯರು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೈಂಜ್ ಕೊಹುಟ್ ಮತ್ತು ಆಟೊ ಕರ್ನ್‌ಬರ್ಗ್. ಬಾಲ್ಯದಲ್ಲಿ ಸಿಗಬೇಕಾದ ಮೆಚ್ಚುಗೆ ಸಿಗದ ಕೊರತೆಯನ್ನು ಕೊಹುಟ್ ಕಂಡರೆ, ಮೆರೆತದ ಅಡಿಯಲ್ಲಿ ಅಡಗಿದ ಅಸೂಯೆ, ಸಿಟ್ಟುಗಳನ್ನು ಕರ್ನ್‌ಬರ್ಗ್ ಕಂಡರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೆಯ ಆವೃತ್ತಿ ಇದನ್ನೊಂದು ವ್ಯಕ್ತಿತ್ವದ ತೊಂದರೆಯೆಂದು ಸೇರಿಸಿಕೊಂಡಿತು. 2013ರ ಆವೃತ್ತಿ ಸಿದ್ಧವಾಗುವಾಗ ಕೈಬಿಡುವ ಸಲಹೆಯೂ ಬಂದಿತ್ತು, ಕೊನೆಗೆ ಉಳಿಯಿತು. ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕೆಂಬುದು ಅದರ ಅಳತೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಮಾತ್ರ ಈ ಹೆಸರಿನ ಪ್ರತ್ಯೇಕ ಕಾಯಿಲೆಯೇ ಇಲ್ಲ.

ತಜ್ಞರೇ ಒಮ್ಮತಕ್ಕೆ ಬಾರದ ಪದ ಮನೆಯ ಜಗಳದಲ್ಲಿ ತೀರ್ಪಾಗಿಬಿಡುತ್ತದೆ. ವರ್ಷಗಟ್ಟಲೆ ಹೀಯಾಳಿಕೆ ಉಂಡವಳಿಗೆ, ತಪ್ಪು ತನ್ನದಲ್ಲವೆಂದು ಹೇಳುವ ಒಂದು ಪದ ಸಿಕ್ಕಾಗ ಆಗುವ ಸಮಾಧಾನ ಸಣ್ಣದಲ್ಲ. ಆದರೆ ಹೀಯಾಳಿಸಿದವನನ್ನು ರೋಗಿಯೆಂದ ಕೂಡಲೇ ಅವನ ನಡತೆಯ ಹೊಣೆ ಅರ್ಧ ಇಳಿದುಹೋಗುವುದೂ ಉಂಟು. ‘ದುಷ್ಟ’ ಎಂಬ ಹಳೆಯ ಮಾತಿನಲ್ಲಿ ಆ ರಿಯಾಯಿತಿ ಇರಲಿಲ್ಲ.

ಕನ್ನಡದಲ್ಲಿ ಇದಕ್ಕೆ ರೂಢಿಗೆ ಬಂದಿರುವ ‘ಆತ್ಮರತಿ’ಯದು ಇನ್ನೂ ದೊಡ್ಡ ಸೋಜಿಗ. ಛಾಂದೋಗ್ಯ, ಮುಂಡಕ ಉಪನಿಷತ್ತುಗಳಲ್ಲಿ, ಗೀತೆಯ ಮೂರನೆಯ ಅಧ್ಯಾಯದಲ್ಲಿ ಈ ಪದವಿದೆ. ಅಲ್ಲಿ ಆತ್ಮರತಿ ಎಂದರೆ ಆತ್ಮದಲ್ಲೇ ಆನಂದ ಕಂಡುಕೊಂಡ ಜ್ಞಾನಿ. ಅವನಿಗೆ ಮಾಡಬೇಕಾದ ಕರ್ತವ್ಯವೇ ಉಳಿದಿರುವುದಿಲ್ಲ ಎನ್ನುತ್ತದೆ ಗೀತೆ. ತನ್ನನ್ನು ಅರಿತವನಿಗೆ ಸಂದಿದ್ದ ಪದ ಹೀಗೆ, ತನ್ನ ಮುಖವನ್ನೇ ಗುರುತಿಸದೆ ಕೂತವನ ಪಾಲಾಯಿತು. ‘ಸ್ವಮೋಹ’ ಎಂದೂ ಕೆಲವರು ಬರೆಯುತ್ತಾರೆ. ಮೋಹದಲ್ಲಿ ಸೆಳೆತವೂ ಇದೆ, ತಿಳಿಗೇಡಿತನವೂ ಇದೆ. ಕೊಳದ ದಡದ ಆ ಹುಡುಗನಿಗೆ ಹೊಂದುವ ಪದ ಅದೇ.